ಕಡಿಮೆ ಸಂಖ್ಯೆಯ ಕೈಗಡಿಯಾರ ಕೊಳ್ಳುವ ಮುನ್ನ: ಯಾರನ್ನು, ಯಾವುದಕ್ಕಾಗಿ ನಂಬಬೇಕು

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್‌ಗಳ ಬಿಡಿಭಾಗ ತಯಾರಿಸುವ ನನ್ನ ಸ್ನೇಹಿತರೊಬ್ಬರು ಕಳೆದ ದೀಪಾವಳಿಯ ಪಾಡ್ಯದ ಸಂಜೆ ಮನೆಗೆ ಬಂದಾಗ ಅವರ ಕೈಯಲ್ಲಿ ಮೂರು ಕಾಗದಗಳಿದ್ದವು. ಐವತ್ತು ವರ್ಷ ತುಂಬಿದ ನೆನಪಿಗೆ ಹದಿನೈದು ಲಕ್ಷ ರೂಪಾಯಿಯೊಳಗೆ ಒಂದು ಒಳ್ಳೆಯ ಚಾವಿ ಗಡಿಯಾರ ಕೊಳ್ಳಬೇಕೆಂಬುದು ಅವರ ಬಹುದಿನದ ಆಸೆ. ಮೊದಲ ಕಾಗದ, ದೊಡ್ಡ ಸ್ವಿಸ್ ಕಂಪನಿಯೊಂದು 500 ಸಂಖ್ಯೆಗೆ ಸೀಮಿತಗೊಳಿಸಿದ್ದ ಗಡಿಯಾರದ ದರಪಟ್ಟಿ. ಎರಡನೆಯದು, ಯುರೋಪಿನಲ್ಲಿ ನಾಲ್ಕು ಜನರ ಚಿಕ್ಕ ಕಾರ್ಯಾಗಾರ ನಡೆಸುವ ಗಡಿಯಾರಗಾರರೊಬ್ಬರ ಪತ್ರ. ಮೂರನೇ ಒಂದು ಭಾಗ ಮುಂಗಡ ಕೊಟ್ಟರೆ ಎರಡೂವರೆ ವರ್ಷಕ್ಕೆ ಗಡಿಯಾರ ಕೊಡುವುದಾಗಿ ಅದರಲ್ಲಿ ಬರೆದಿತ್ತು. ಮೂರನೆಯದು, ಮುಂಬೈಯ ವ್ಯಾಪಾರಿಯೊಬ್ಬರು ಕಳಿಸಿದ್ದ 1960ರ ದಶಕದ ಹಳೆಯ ಗಡಿಯಾರದ ಚಿತ್ರಗಳು. "ಇದ್ರಾಗ ಯಾವುದನ್ನ ನಂಬಬೇಕ್ರಿ?" ಎಂದು ಅವರು ಕೇಳಿದರು.

ಇಪ್ಪತ್ತು ವರ್ಷಗಳಿಂದ ಈ ಹವ್ಯಾಸದಲ್ಲಿರುವ ನನಗೆ, ಸಲಹೆ ಕೇಳಲು ಬಂದವರ ಬಾಯಿಂದ ಇಷ್ಟು ಸರಿಯಾದ ಪ್ರಶ್ನೆ ಬಂದದ್ದು ಅಪರೂಪ. ಹೆಚ್ಚಿನವರು ಯಾವುದರ ಬೆಲೆ ಮುಂದೆ ಏರುತ್ತದೆ ಎಂದು ಕೇಳುತ್ತಾರೆ. ಆ ಮೂರು ಕಾಗದಗಳೂ ಕೊಳ್ಳುವವನಿಂದ ನಂಬಿಕೆಯನ್ನೇ ಬೇಡುತ್ತವೆಯಾದರೂ, ಮೂರೂ ಬೇಡುವ ನಂಬಿಕೆ ಒಂದೇ ಬಗೆಯದಲ್ಲ. ದೊಡ್ಡ ಕಂಪನಿಯ ವಿಷಯದಲ್ಲಿ, ಮೂವತ್ತು ವರ್ಷಗಳ ನಂತರವೂ ಅದು ಇದ್ದು ಬಿಡಿಭಾಗ ಕೊಡುತ್ತದೆ ಎಂಬುದನ್ನು ನಂಬಬೇಕು. ಚಿಕ್ಕ ಕಾರ್ಯಾಗಾರದ ವಿಷಯದಲ್ಲಿ ಒಬ್ಬ ಮನುಷ್ಯನ ಕೈಯನ್ನೂ ಮಾತನ್ನೂ ಆಯುಷ್ಯವನ್ನೂ ನಂಬಬೇಕು. ಹಳೆಯ ಗಡಿಯಾರದ ವಿಷಯದಲ್ಲಿ, ಅದನ್ನು ಮಾಡಿದವನಿಗಿಂತ ಹೆಚ್ಚಾಗಿ ಮಾರುವವನ ಕಣ್ಣು ಮತ್ತು ಪ್ರಾಮಾಣಿಕತೆಯನ್ನು ನಂಬಬೇಕು. ತಾನು ಯಾವ ಬಗೆಯ ನಂಬಿಕೆಗೆ ದುಡ್ಡು ಕೊಡುತ್ತಿದ್ದೇನೆ ಎಂಬುದು ತಿಳಿಯದ ಹೊರತು ಈ ಮೂರರ ಬೆಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದರಿಂದ ಪ್ರಯೋಜನವಿಲ್ಲ.

ಸೀಮಿತ ಆವೃತ್ತಿ ಬೇರೆ, ಸೀಮಿತ ತಯಾರಿಕೆ ಬೇರೆ

ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದ ಆಗುವ ನಷ್ಟವೇ ಈ ಹವ್ಯಾಸದಲ್ಲಿ ಅತಿ ಹೆಚ್ಚಿನದು. ಸೀಮಿತ ಆವೃತ್ತಿಯಲ್ಲಿ ಸಂಖ್ಯೆಯನ್ನು ಕಂಪನಿ ಕಾಗದದ ಮೇಲೆ ನಿರ್ಧರಿಸುತ್ತದೆ. ಅದೇ ಕೇಸ್, ಅದೇ ಮಷೀನು, ಅಂದರೆ ಗಡಿಯಾರವನ್ನು ನಡೆಸುವ ಒಳಗಿನ ಯಂತ್ರ; ಡಯಲ್ ಮಾತ್ರ ಹಸಿರು ಅಥವಾ ಕೆಂಪು. ಹಿಂಬದಿಯ ಮುಚ್ಚಳದ ಮೇಲೆ 500ರಲ್ಲಿ ಇಷ್ಟನೆಯದು ಎಂದು ಕೆತ್ತಿರುತ್ತದೆ. ಕಂಪನಿ ಮನಸ್ಸು ಮಾಡಿದ್ದರೆ ಐದು ಸಾವಿರವನ್ನೂ ಮಾಡಬಹುದಿತ್ತು, ಮುಂದಿನ ವರ್ಷ ನೀಲಿ ಡಯಲಿನಲ್ಲಿ ಇನ್ನೊಂದು 500 ತರಲೂಬಹುದು. ಸೀಮಿತ ತಯಾರಿಕೆಯಲ್ಲಿ ಸಂಖ್ಯೆಯನ್ನು ನಿರ್ಧರಿಸುವುದು ಕೈಗಳು. ಇಂಗ್ಲೆಂಡಿನ ಪಶ್ಚಿಮಕ್ಕಿರುವ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ರೋಜರ್ ಸ್ಮಿತ್ ಅವರ ಕಾರ್ಯಾಗಾರದಿಂದ ವರ್ಷಕ್ಕೆ ಇಪ್ಪತ್ತರ ಆಸುಪಾಸಿನಷ್ಟು ಗಡಿಯಾರಗಳು ಮಾತ್ರ ಹೊರಬರುವುದು ಮಾರಾಟದ ಉಪಾಯವಲ್ಲ. ಅಲ್ಲಿನ ಕೆಲಸಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ. ಸ್ವಿಟ್ಜರ್ಲೆಂಡಿನ ವಾಲೆ ದ ಜೂ ಕಣಿವೆಯ ಫಿಲಿಪ್ ಡ್ಯುಫೂರ್ 2000ದಲ್ಲಿ ಹೊರತಂದ 'ಸಿಂಪ್ಲಿಸಿಟಿ' ಎಂಬ ಸರಳ ಚಾವಿ ಗಡಿಯಾರ ಇನ್ನೂರರಷ್ಟು ಸಂಖ್ಯೆಯನ್ನು ಮುಟ್ಟಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಜಿನೀವಾದ ಫ್ರಾನ್ಸ್ವಾ-ಪಾಲ್ ಜೂರ್ನ್ ಅವರ ಮನೆಯಿಂದ, ಅಂದರೆ ಅವರ ಕಂಪನಿಯಿಂದ, ವರ್ಷಕ್ಕೆ ಬರುವುದು ಸಾವಿರದೊಳಗೆ. ರೋಲೆಕ್ಸ್ ವರ್ಷಕ್ಕೆ ಹತ್ತು ಲಕ್ಷದಷ್ಟು ಮಾಡುತ್ತದೆಂಬ ಅಂದಾಜಿನ ಎದುರಿಗೆ ಈ ಸಂಖ್ಯೆಗಳನ್ನಿಟ್ಟು ನೋಡಬೇಕು.

ಕೈಯಿಂದ ಹೊಳಪು ಕೊಟ್ಟದ್ದು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಪರೀಕ್ಷಿಸುವ ದಾರಿಯೊಂದನ್ನು ನನ್ನ ಸ್ನೇಹಿತರಿಗೆ ಹೇಳಿದೆ. ಲೇಥ್ ಮತ್ತು ಮಿಲ್ಲಿಂಗ್ ಮಷೀನುಗಳ ನಡುವೆ ಬದುಕು ಕಳೆದವರಿಗೆ ಅದು ಎರಡು ವಾಕ್ಯಗಳಲ್ಲಿ ತಿಳಿಯುತ್ತದೆ. ತಿರುಗುವ ಕಟ್ಟರ್ ಎಷ್ಟೇ ಸಣ್ಣದಿರಲಿ, ಒಳಮೂಲೆಯಲ್ಲಿ ತನ್ನ ಸುತ್ತಳತೆಯ ದುಂಡನ್ನು ಬಿಟ್ಟೇ ಬಿಡುತ್ತದೆ. ಗಡಿಯಾರದ ಸೇತುವೆಗಳ, ಅಂದರೆ ಗಾಲಿಗಳನ್ನು ಮೇಲಿನಿಂದ ಹಿಡಿದಿಡುವ ಪಟ್ಟಿಗಳ, ಅಂಚನ್ನು ಓರೆಯಾಗಿ ಕತ್ತರಿಸಿ ಕನ್ನಡಿಯಂತೆ ಹೊಳೆಯಿಸುವಾಗ ಎರಡು ಓರೆಗಳು ಒಳಮುಖವಾಗಿ ಕೂಡುವ ಜಾಗದಲ್ಲಿ ಚೂಪಾದ ಗೆರೆ ಕಂಡರೆ, ಅಲ್ಲಿ ಅರ ಹಿಡಿದ ಕೈಯೊಂದು ಕೆಲಸ ಮಾಡಿದೆ ಎಂದು ನಿಶ್ಚಯವಾಗಿ ಹೇಳಬಹುದು. ಆ ಮೂಲೆ ದುಂಡಗಿದ್ದರೆ ಮಷೀನಿನ ಕೆಲಸ ಇದ್ದೀತು. ಮಷೀನಿನ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕೈಕೆಲಸದ ದರ ಕೇಳುವುದನ್ನು ಮಾತ್ರ ಒಪ್ಪಲಾರೆ. ನಮ್ಮ ಭಾಗದ ಮನೆಗಳಲ್ಲಿ ಹಿರಿಯ ಹೆಂಗಸರು ಇಳಕಲ್ ಸೀರೆಯ ದರ ಕೇಳುವ ಮುನ್ನ ಮಡಿಕೆ ಬಿಚ್ಚಿ, ಒಡಲಿನ ಹಾಸೂ ಸೆರಗಿನ ಹಾಸೂ ಒಂದಕ್ಕೊಂದು ಕೊಂಡಿಯಾಗಿ ಕೂಡುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಕಣ್ಣಿಗೆ ಲೂಪ್ ಎಂಬ ಭೂತಗನ್ನಡಿ ಹಚ್ಚಿ ಒಳಮೂಲೆ ನೋಡುವುದು ಅದೇ ಬಗೆಯ ಪರೀಕ್ಷೆ.

ಇದನ್ನೆಲ್ಲ ಹೇಳಿದ ಮೇಲೆ, ಮೊದಲ ಕಾಗದದ 500ರ ಗಡಿಯಾರದ ಬಗ್ಗೆ ನನ್ನ ಅಭಿಪ್ರಾಯ ಮುಚ್ಚಿಡುವಂಥದ್ದೇನಲ್ಲ. ಡಯಲಿನ ಬಣ್ಣವೊಂದೇ ವ್ಯತ್ಯಾಸವಾಗಿದ್ದರೆ ಅದೇ ಕಂಪನಿಯ ಸಾಮಾನ್ಯ ಮಾದರಿಯನ್ನು ಕೊಳ್ಳಿರಿ, ಉಳಿದ ಹಣವನ್ನು ಮುಂದಿನ ಎರಡು ಸರ್ವಿಸ್‌ಗಳಿಗೆ ಎತ್ತಿಡಿರಿ. ಸಂಖ್ಯೆಗೆ ಕೊಡುವ ಹೆಚ್ಚುವರಿ ದುಡ್ಡಿಗೆ ಸಮರ್ಥನೆ ಸಿಗುವುದು, ಒಳಗಿನ ಮಷೀನು ಆ ಆವೃತ್ತಿಗೆಂದೇ ಮಾಡಿದ್ದಾಗಿದ್ದರೆ ಅಥವಾ ಎನಾಮೆಲ್, ಕೆತ್ತನೆಯಂಥ ನಿಧಾನದ ಕೆಲಸ ಅದರಲ್ಲಿದ್ದರೆ ಮಾತ್ರ.

ದೊಡ್ಡ ಮನೆಗಳು ಕೊಡುವ ಭರವಸೆ

ಆದರೆ ದೊಡ್ಡ ಮನೆಗಳ ನಿಜವಾದ ಬಲವನ್ನು ಅಲ್ಲಗಳೆಯುವಂತಿಲ್ಲ. 1839ರಲ್ಲಿ ಆರಂಭವಾಗಿ 1932ರಿಂದ ಸ್ಟರ್ನ್ ಕುಟುಂಬದ ಕೈಯಲ್ಲಿರುವ ಪಾಟೆಕ್ ಫಿಲಿಪ್, ತಾನು ಮೊದಲಿನಿಂದ ಮಾಡಿದ ಯಾವುದೇ ಗಡಿಯಾರವನ್ನು ದುರಸ್ತಿ ಮಾಡಿಕೊಡುವುದಾಗಿ ಹೇಳುತ್ತದೆ; ಹಳೆಯ ದಫ್ತರ ನೋಡಿ, ಇಂಥ ಸಂಖ್ಯೆಯ ಗಡಿಯಾರ ಇಂಥ ವರ್ಷ ತಯಾರಾಯಿತು ಎಂಬ ಉತಾರವನ್ನೂ ಕೊಡುತ್ತದೆ. ಜಮೀನಿನ ಉತಾರ ನೋಡದೆ ಹೊಲ ಕೊಳ್ಳದ ನಮ್ಮ ಜನರಿಗೆ ಆ ಕಾಗದದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಜರ್ಮನಿಯ ಗ್ಲಾಸ್‌ಹ್ಯೂಟೆಯಲ್ಲಿ ವಾಲ್ಟರ್ ಲಾಂಗೆ 1990ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ ಎ. ಲಾಂಗೆ ಉಂಡ್ ಝೋನೆ ಕಂಪನಿ ಪ್ರತಿಯೊಂದು ಮಷೀನನ್ನೂ ಎರಡು ಬಾರಿ ಜೋಡಿಸುತ್ತದೆ: ಒಮ್ಮೆ ಜೋಡಿಸಿ, ಸಮಯ ಹೊಂದಿಸಿ, ಪೂರ್ತಿ ಬಿಚ್ಚಿ, ತೊಳೆದು, ಕೊನೆಯ ಹೊಳಪು ಕೊಟ್ಟು, ಮತ್ತೆ ಜೋಡಿಸುವುದು. ಅಲ್ಲಿ ಬ್ಯಾಲೆನ್ಸ್ ಗಾಲಿಯ, ಅಂದರೆ ಹಿಂದೆ ಮುಂದೆ ತೂಗಾಡಿ ಗಡಿಯಾರದ ವೇಗವನ್ನು ಕಾಯುವ ಗಾಲಿಯ, ಮೇಲಿನ ಚಿಕ್ಕ ಸೇತುವೆಯ ಹೂವನ್ನು ಕೈಯಿಂದ ಕೆತ್ತುತ್ತಾರೆ; ಪಳಗಿದ ಕಣ್ಣು ಕೆತ್ತನೆ ನೋಡಿಯೇ ಇದು ಯಾರ ಕೈ ಎಂದು ಗುರುತಿಸುತ್ತದೆ. ವರ್ಷಕ್ಕೆ ಕೆಲವೇ ಸಾವಿರ ಮಾಡುವ ಇಂಥ ಮನೆಗಳು ನನ್ನ ದೃಷ್ಟಿಯಲ್ಲಿ ಎರಡು ಲೋಕಗಳ ನಡುವೆ ನಿಂತಿವೆ. ಅವುಗಳಲ್ಲಿ ಕೈಯೂ ಇದೆ, ಸಂಸ್ಥೆಯೂ ಇದೆ. ಹದಿನೈದು ಲಕ್ಷಕ್ಕೆ ಅವು ಹೊಸದಾಗಿ ಸಿಗುವುದು ಕಷ್ಟ ಎಂಬುದಷ್ಟೇ ತೊಂದರೆ.

ಮುದ್ರೆಗಳನ್ನು ಓದುವುದನ್ನೂ ಕಲಿಯಬೇಕು. 'ಸ್ವಿಸ್ ಮೇಡ್' ಎಂದು ಡಯಲಿನ ಕೆಳಗಿರುವ ಸಣ್ಣ ಅಕ್ಷರಗಳಿಗೆ, 2017ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ 60 ಪ್ರತಿಶತ ಸ್ವಿಟ್ಜರ್ಲೆಂಡಿನದಾಗಿರಬೇಕು ಎಂದರ್ಥ. ಪೂರ್ತಿ ಅಲ್ಲೇ ಆಯಿತು ಎಂದಲ್ಲ. ಗಡಿಯಾರದ ನಿಖರತೆಯನ್ನು ಪರೀಕ್ಷಿಸುವ ಸ್ವಿಸ್ ಸಂಸ್ಥೆಯಾದ ಸಿಓಎಸ್‌ಸಿಯ ಪ್ರಮಾಣಪತ್ರ ಇದ್ದರೆ, ಕೇಸ್‌ಗೆ ಹಾಕುವ ಮುನ್ನ ಮಷೀನನ್ನು ಪರೀಕ್ಷಿಸಿದಾಗ ಅದು ಸರಾಸರಿ ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಎಂಬ ಮಿತಿಯೊಳಗೆ ನಡೆದಿದೆ ಎಂದು ತಿಳಿಯಬೇಕು. 1886ರಲ್ಲಿ ಕಾನೂನಿನಿಂದ ಹುಟ್ಟಿದ ಜಿನೀವಾ ಮುದ್ರೆ ಮಾತ್ರ ಒಳಗಿನ ಭಾಗಗಳ ಕುಸುರಿಯ ಬಗ್ಗೆಯೂ ಮಾತನಾಡುತ್ತದೆ. ಈ ಮೂರೂ ಪ್ರಯೋಜನದವೇ. ಆದರೆ ಇಪ್ಪತ್ತು ವರ್ಷದ ನಂತರ ಬ್ಯಾಲೆನ್ಸ್ ಸ್ಟಾಫ್, ಅಂದರೆ ಬ್ಯಾಲೆನ್ಸ್ ಗಾಲಿಯ ಅಚ್ಚು, ಮುರಿದರೆ ಹೊಸದನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಯಾವ ಮುದ್ರೆಯಲ್ಲೂ ಉತ್ತರವಿಲ್ಲ.

ಒಬ್ಬ ಮನುಷ್ಯನನ್ನು ನಂಬುವುದು

ಮುಂಗಡ ಪಡೆದು ಗಡಿಯಾರ ಮಾಡುವ ಪದ್ಧತಿ ಹೊಸದಲ್ಲ. ಪ್ಯಾರಿಸ್‌ನಲ್ಲಿದ್ದ ಅಬ್ರಹಾಂ-ಲೂಯಿ ಬ್ರೆಗೆ 18ನೇ ಶತಮಾನದ ಕೊನೆಯಲ್ಲಿ, ಒಂದೇ ಮುಳ್ಳಿನ ಸರಳ ಜೇಬುಗಡಿಯಾರಕ್ಕೆ ಬೆಲೆಯ ಕಾಲುಭಾಗವನ್ನು ಮೊದಲೇ ಪಡೆದು ಉಳಿದದ್ದನ್ನು ಕೈಗೆ ಕೊಟ್ಟಾಗ ತೆಗೆದುಕೊಳ್ಳುತ್ತಿದ್ದರು. ತಮ್ಮ ಹೆಸರಿನ ನಕಲಿಗಳು ಪೇಟೆಗೆ ಬಂದಾಗ, ಓರೆಯಾಗಿ ಬೆಳಕು ಬಿದ್ದರೆ ಮಾತ್ರ ಕಾಣುವ ಗುಪ್ತ ಸಹಿಯನ್ನು ಡಯಲಿನ ಮೇಲೆ ಕೊರೆಯಿಸಿದವರೂ ಅವರೇ. ಅದೇ ಮುಂಗಡದ ಪದ್ಧತಿಯನ್ನು 1999ರಲ್ಲಿ ಜೂರ್ನ್ ಮತ್ತೆ ಬಳಸಿ, ತಮ್ಮ ಮೊದಲ ಟೂರ್ಬಿಯಾನ್ (ಬ್ಯಾಲೆನ್ಸ್ ಗಾಲಿಯನ್ನು ಹೊತ್ತ ಪಂಜರವೇ ತಿರುಗುವ ರಚನೆಯ) ಕೈಗಡಿಯಾರಗಳನ್ನು ಇಪ್ಪತ್ತು ಜನರಿಗೆ ಮೊದಲೇ ಮಾರಿ, ಆ ಹಣದಿಂದ ಕಾರ್ಯಾಗಾರ ಕಟ್ಟಿದರು. ಅಂದು ಕಾದವರು ಇಂದು ಅದೃಷ್ಟವಂತರೆನಿಸಿದ್ದಾರೆ. ಹೀಗೆ ಕಾದು ಕೈಸುಟ್ಟುಕೊಂಡವರೂ ಇದ್ದಾರೆ, ಅವರ ಕತೆ ಎಲ್ಲೂ ಅಚ್ಚಾಗುವುದಿಲ್ಲ.

ನಾನೇ ಹಾಗೆ ಕಾದವನು. ಹನ್ನೆರಡು ವರ್ಷಗಳ ಹಿಂದೆ ಚಿಕ್ಕ ಗಡಿಯಾರಗಾರರೊಬ್ಬರಿಗೆ ಅರ್ಧ ಹಣ ಮುಂಗಡ ಕಳಿಸಿದೆ. ಹದಿನೆಂಟು ತಿಂಗಳೆಂದು ಹೇಳಿದ್ದ ಗಡಿಯಾರ ಬಂದದ್ದು ನಲವತ್ತು ತಿಂಗಳಿಗೆ. ನಡುವಿನ ಒಂದು ವರ್ಷ ನನ್ನ ಒಂದು ಪತ್ರಕ್ಕೂ ಉತ್ತರವಿರಲಿಲ್ಲ. ಗಡಿಯಾರ ಚೆನ್ನಾಗಿಯೇ ಇದೆ, ಇಂದಿಗೂ ದಿನಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ. ಆದರೂ ಅದನ್ನು ಕಟ್ಟಿಕೊಂಡಾಗ ಆಗಬೇಕಾದ ಸಂತೋಷದ ಒಂದು ಪಾಲು ಆ ವರ್ಷದಲ್ಲೇ ಖರ್ಚಾಗಿ ಹೋಯಿತು. ಅವರು ಮೋಸಗಾರರಾಗಿರಲಿಲ್ಲ. ವರ್ಷಕ್ಕೆ ಎಷ್ಟು ಮಾಡಬಲ್ಲರೋ ಅದರ ಮೂರು ಪಟ್ಟು ಆರ್ಡರ್ ಹಿಡಿದಿದ್ದರು. ಕೇಳಿದ್ದರೆ ಹೇಳುತ್ತಿದ್ದರೇನೋ, ನಾನು ಕೇಳಲಿಲ್ಲ.

ಆದ್ದರಿಂದ ನಾನು ಈಗ ಎಲ್ಲರಿಗೂ ಹೇಳುವ ಮೊದಲ ಪ್ರಶ್ನೆ ಲೆಕ್ಕದ್ದು: ವರ್ಷಕ್ಕೆ ಎಷ್ಟು ಗಡಿಯಾರ ಮುಗಿಸುತ್ತೀರಿ, ನನ್ನ ಮುಂದೆ ಎಷ್ಟು ಜನರಿದ್ದಾರೆ? ಇಪ್ಪತ್ತು ಮುಗಿಸುವವರ ಸಾಲಿನಲ್ಲಿ ತೊಂಬತ್ತು ಜನರಿದ್ದರೆ ಅದು ನಾಲ್ಕೂವರೆ ವರ್ಷದ ಮಾತು, ಪತ್ರದಲ್ಲಿ ಎರಡೂವರೆ ಎಂದು ಬರೆದಿದ್ದರೂ ಸಹ. ಎರಡನೆಯ ಪ್ರಶ್ನೆ, ಮುಂಗಡ ಹಣ ಯಾವ ಹಂತದಲ್ಲಿ ಎಷ್ಟು, ತಡವಾದರೆ ಅಥವಾ ಅವರಿಂದ ಆಗದಿದ್ದರೆ ಎಷ್ಟು ದಿನದಲ್ಲಿ ಮರಳುತ್ತದೆ ಎಂಬುದು, ಇದು ಬರಹದಲ್ಲಿರಬೇಕು. ಮೂರನೆಯದು, ಯಾವ ಭಾಗವನ್ನು ತಾವೇ ಮಾಡುತ್ತಾರೆ, ಯಾವುದನ್ನು ಹೊರಗಿನಿಂದ ತರಿಸುತ್ತಾರೆ ಎಂಬುದು. ಬ್ಯಾಲೆನ್ಸ್ ಗಾಲಿಯನ್ನು ತೂಗಿಸುವ, ಕೂದಲಿಗಿಂತ ತೆಳ್ಳಗಿನ ಬ್ಯಾಲೆನ್ಸ್ ಸ್ಪ್ರಿಂಗನ್ನು ತಾವೇ ಎಳೆಯುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಬಹಳಷ್ಟು ದೊಡ್ಡ ಹೆಸರುಗಳೂ ನಿವಾರಾಕ್ಸ್‌ನಂಥ ಪರಿಣತ ಕಾರ್ಖಾನೆಗಳಿಂದ ಅದನ್ನು ಪಡೆಯುತ್ತವೆ. ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಎಲ್ಲವನ್ನೂ ನಾವೇ ಮಾಡುತ್ತೇವೆ ಎನ್ನುವ ನಾಲ್ಕು ಜನರ ಕಾರ್ಯಾಗಾರವನ್ನು ನಾನು ಎರಡು ಬಾರಿ ಯೋಚಿಸದೆ ಬಿಟ್ಟುಬಿಡುತ್ತೇನೆ.

ನಾಲ್ಕನೆಯ ಪ್ರಶ್ನೆ ಕೇಳಲು ನಾಲಗೆ ತಡವರಿಸುತ್ತದೆ, ಆದರೆ ಕೇಳಲೇಬೇಕು: ನಿಮ್ಮ ನಂತರ ಇದನ್ನು ಯಾರು ಬಿಚ್ಚುತ್ತಾರೆ? ಇದಕ್ಕೆ ಸಿಕ್ಕ ಅತ್ಯುತ್ತಮ ಉತ್ತರ ಈ ಕಲೆಯ ಇತಿಹಾಸದಲ್ಲೇ ಇದೆ. ಒಮೇಗಾ ಕಂಪನಿ 1999ರಿಂದ ಬಳಸುತ್ತಿರುವ ಕೋ-ಆಕ್ಸಿಯಲ್ ಎಸ್ಕೇಪ್‌ಮೆಂಟನ್ನು, ಅಂದರೆ ಸ್ಪ್ರಿಂಗಿನ ಶಕ್ತಿಯನ್ನು ಅಳೆದು ಬ್ಯಾಲೆನ್ಸ್ ಗಾಲಿಗೆ ಬಿಡುವ ಭಾಗದ ಒಂದು ಬಗೆಯನ್ನು, ಕಂಡುಹಿಡಿದ ಜಾರ್ಜ್ ಡೇನಿಯಲ್ಸ್ ಒಬ್ಬರೇ ಕುಳಿತು ಗಡಿಯಾರ ಮಾಡುತ್ತಿದ್ದವರು; ಬದುಕಿನುದ್ದಕ್ಕೂ ಕೈಯಾರೆ ಮಾಡಿದ್ದು ಕೆಲವೇ ಡಜನ್ನುಗಳಷ್ಟು. ತರುಣ ರೋಜರ್ ಸ್ಮಿತ್ ತಾನು ಮಾಡಿದ ಮೊದಲ ಜೇಬುಗಡಿಯಾರವನ್ನು ತೋರಿಸಲು ಹೋದಾಗ, ಕೈಯ ಗುರುತು ಕಾಣುತ್ತಿದೆ, ಇದು ಸಾಲದು ಎಂದು ಅವರು ತಿರುಗಿ ಕಳಿಸಿದರು. ಸ್ಮಿತ್ ವರ್ಷಗಟ್ಟಲೆ ದುಡಿದು, ಮಾಡಿದ ಭಾಗಗಳನ್ನೇ ಮತ್ತೆ ಮತ್ತೆ ಮಾಡಿ, ಎರಡನೆಯದನ್ನು ಒಯ್ದಾಗ ಡೇನಿಯಲ್ಸ್ ಒಪ್ಪಿ, ಮುಂದೆ ತಮ್ಮ ಬಳಿಗೇ ಕರೆಸಿಕೊಂಡರು. ಡೇನಿಯಲ್ಸ್ 2011ರಲ್ಲಿ ತೀರಿಕೊಂಡರು, ವಿದ್ಯೆ ಅವರೊಂದಿಗೆ ಹೋಗಲಿಲ್ಲ. ನಮ್ಮ ಭಾಗದ ಪತ್ತಾರರ ಮನೆಗಳಲ್ಲಿ ಕಸಬು ತಂದೆಯಿಂದ ಮಗನಿಗೆ ಬರುವುದನ್ನು ಕಂಡವರಿಗೆ ಇದರ ಅರ್ಥ ತಟ್ಟನೆ ಆಗುತ್ತದೆ: ಶಿಷ್ಯನಿಲ್ಲದ ಗಡಿಯಾರಗಾರನಿಂದ ಕೊಳ್ಳುವವನು ಗಡಿಯಾರದ ಜೊತೆಗೆ ಒಂದು ದೊಡ್ಡ ಚಿಂತೆಯನ್ನೂ ಕೊಳ್ಳುತ್ತಾನೆ. ಶಿಷ್ಯನಿಲ್ಲದಿದ್ದರೆ ಕಡೇಪಕ್ಷ ನಕ್ಷೆಗಳು ಉಳಿಯುವ ವ್ಯವಸ್ಥೆಯಾದರೂ, ಪರಿಚಿತ ಮಷೀನಿನ ಆಧಾರವಾದರೂ ಇರಬೇಕು.

ಪರಿಚಿತ ಮಷೀನಿನ ಮಾತು ಬಂತು. ಆಸ್ಟ್ರಿಯಾದ ರಿಚರ್ಡ್ ಮತ್ತು ಮರಿಯಾ ಹಾಬ್ರಿಂಗ್ ದಂಪತಿ 2004ರಿಂದ ನಡೆಸುತ್ತಿರುವ ಚಿಕ್ಕ ಮನೆ ಈ ದೃಷ್ಟಿಯಿಂದ ನನಗೆ ಬಹಳ ಮೆಚ್ಚುಗೆಯಾದದ್ದು. ಅವರ ಮಷೀನುಗಳು 1970ರ ದಶಕದಿಂದ ಲಕ್ಷಗಟ್ಟಲೆ ತಯಾರಾದ ವಾಲ್ಜೂ 7750 ಎಂಬ ಗಟ್ಟಿಮುಟ್ಟಾದ ರಚನೆಯ ನೆಂಟರು. ಅದರೊಳಗಿನ ಲೆಕ್ಕ ತಿಳಿದ ಕೈಗಳು ಎಲ್ಲ ದೇಶಗಳಲ್ಲೂ ಇವೆ. ಸಂಗ್ರಾಹಕರಲ್ಲಿ ಕೆಲವರು ಇಂಥ ಗಡಿಯಾರಗಳನ್ನು ಪೂರ್ತಿ ಸ್ವಂತದ್ದಲ್ಲ ಎಂದು ಕೀಳಾಗಿ ಕಾಣುತ್ತಾರೆ. ಜಿನೀವಾದಲ್ಲೇ ಮನೆಯಿರುವವರಿಗೆ ಆ ಅಭಿಮಾನ ಸರಿ ಇರಬಹುದು. ಬೆಳಗಾವಿಯಲ್ಲಿ ಕುಳಿತು ಕೊಳ್ಳುವವರು ಅದನ್ನು ಎರವಲು ತರಬಾರದು.

ಹಳೆಯ ಗಡಿಯಾರ ಮತ್ತು ಮಾರುವವನ ಮಾತು

2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರ ಒಂದು ಒಮೇಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೇಗಾದ ವಸ್ತುಸಂಗ್ರಹಾಲಯವೇ. 2023ರಲ್ಲಿ ಆ ಗಡಿಯಾರ ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿದ್ದೆಂದು ಹೊರಬಿತ್ತು; ತನ್ನದೇ ಮಾಜಿ ನೌಕರರು ಇದರಲ್ಲಿ ಭಾಗಿಗಳೆಂದು ಒಮೇಗಾ ಹೇಳಿತು. ಮಾಡಿದ ಕಂಪನಿಯೇ, ತನ್ನ ದಫ್ತರಗಳನ್ನು ಎದುರಿಗಿಟ್ಟುಕೊಂಡೂ, ತನ್ನ ಗಡಿಯಾರದ ವಿಷಯದಲ್ಲಿ ಮೋಸಹೋಗಬಹುದಾದರೆ, ಚಿತ್ರ ನೋಡಿ ಹಣ ಕಳಿಸುವ ನಾವು ಎಷ್ಟರವರು?

ಆದರೂ ನೋಡಬಲ್ಲ ಸಂಗತಿಗಳು ಕೆಲವಿವೆ. ಡಯಲಿನ ಕೆಳಗೆ 'ಟಿ' ಅಕ್ಷರಗಳಿರುವ 1960ರ ದಶಕದ ಗಡಿಯಾರದಲ್ಲಿ ಕತ್ತಲೆಯಲ್ಲಿ ಹೊಳೆಯುವ ಬಣ್ಣಕ್ಕೆ ಟ್ರಿಟಿಯಂ ಸೇರಿಸಿರುತ್ತಾರೆ. ಟ್ರಿಟಿಯಂ ಪ್ರತಿ ಹನ್ನೆರಡು ವರ್ಷ ಚಿಲ್ಲರೆಗೆ ಅರ್ಧಕ್ಕಿಳಿಯುವ ವಸ್ತುವಾದ್ದರಿಂದ, ಆರು ದಶಕಗಳ ನಂತರವೂ ಅದು ರಾತ್ರಿಯಿಡೀ ಝಗಝಗಿಸಿದರೆ ಆ ಬಣ್ಣ ಈಚಿನದು. ಬೆಲ್ಟ್ ಹಿಡಿದಿಡುವ ಕೇಸಿನ ಕಾಲುಗಳ ಅಂಚು ಸಾಬೂನಿನಂತೆ ದುಂಡಾಗಿದ್ದರೆ ಹಲವು ಬಾರಿ ಪಾಲಿಶ್ ಹೊಡೆದಿದ್ದಾರೆ. ಹಿಂಬದಿ ತೆಗೆದು ಮಷೀನಿನ ಚಿತ್ರವನ್ನೂ, ಗಡಿಯಾರದ ನಡಿಗೆ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟಾಗಿನ ಅಂಕಿಗಳನ್ನೂ ಕಳಿಸಿರಿ ಎಂದು ಕೇಳಬೇಕು. ಪೂರ್ತಿ ಚಾವಿ ಕೊಟ್ಟು ಡಯಲ್ ಮೇಲ್ಮುಖವಾಗಿಟ್ಟಾಗ ಬ್ಯಾಲೆನ್ಸ್ ಗಾಲಿಯ ತೂಗಾಟ ಸಾಮಾನ್ಯವಾಗಿ 270ರಿಂದ 310 ಡಿಗ್ರಿ ಇರಬೇಕು. ಹಳೆಯದಕ್ಕೆ ಸ್ವಲ್ಪ ರಿಯಾಯಿತಿ ಕೊಡಬಹುದು, 220ರ ಕೆಳಗಿದ್ದರೆ ಎಣ್ಣೆ ಒಣಗಿದೆ ಅಥವಾ ಸವೆತವಿದೆ. ಅಂಕಿಗಳು ಕೆಟ್ಟದ್ದಿದ್ದರೂ ಮುಚ್ಚಿಡದೆ ಕಳಿಸುವ ವ್ಯಾಪಾರಿಯೊಂದಿಗೆ ವ್ಯವಹಾರ ಮಾಡಬಹುದು. ಹಿಂಬದಿ ತೆಗೆಯಲು ಒಲ್ಲೆನೆನ್ನುವವರೊಂದಿಗೆ ಸಾಧ್ಯವಿಲ್ಲ. ಹರಾಜಿನಲ್ಲಿ ಕೊಳ್ಳುವವರು, ಕೂಗಿದ ಬೆಲೆಯ ಮೇಲೆ ಸುಮಾರು ಕಾಲುಭಾಗದಷ್ಟು ಹರಾಜು ಮನೆಯ ಶುಲ್ಕ ಸೇರುತ್ತದೆ ಎಂಬುದನ್ನು ಕೈ ಎತ್ತುವ ಮುನ್ನವೇ ಲೆಕ್ಕ ಹಾಕಿರಬೇಕು.

ಹಳೆಯದರ ಬಗ್ಗೆ ನಾನು ಕಲಿತದ್ದು ಎಚ್‌ಎಂಟಿಗಳಿಂದ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ, ತುಮಕೂರಿಗೂ ಹಬ್ಬಿ, 2016ರಲ್ಲಿ ಮುಚ್ಚುವ ತೀರ್ಮಾನಕ್ಕೆ ಒಳಗಾದ ಆ ಕಾರ್ಖಾನೆಯ 17 ಜ್ಯುವೆಲ್‌ಗಳ (ಸವೆತ ತಡೆಯಲು ಕೂರಿಸುವ ಸಣ್ಣ ಹರಳುಗಳ) 'ಜನತಾ' ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಬಹಳ ವರ್ಷಗಳ ಹಿಂದೆ, ಬಳಸದೆ ಉಳಿದ ಹಳೆಯ ದಾಸ್ತಾನು ಎಂದು ನಂಬಿ ಬೇರೆ ಊರಿನ ವ್ಯಾಪಾರಿಯಿಂದ ಮೂರು ಗಡಿಯಾರ ತರಿಸಿದೆ. ಮೂರರ ಡಯಲುಗಳೂ ಹೊಸದಾಗಿ ಅಚ್ಚು ಹಾಕಿದವಾಗಿದ್ದವು, ಒಂದರಲ್ಲಿ ಅಕ್ಷರಗಳ ಅಂತರವೂ ತಪ್ಪಿತ್ತು. ಕಳೆದದ್ದು ಕೆಲವು ಸಾವಿರ. ಅದೇ ತಪ್ಪನ್ನು ಲಕ್ಷಗಳಲ್ಲಿ ಮಾಡುವುದರಿಂದ ಉಳಿದುಕೊಂಡೆ. ಹಳೆಯ ದುಬಾರಿ ಗಡಿಯಾರ ಕೊಳ್ಳಬಯಸುವವರು ಮೊದಲು ಐದಾರು ಎಚ್‌ಎಂಟಿಗಳನ್ನು ಕೊಂಡು, ಬಿಚ್ಚಿಸಿ, ಪಕ್ಕದಲ್ಲಿ ಕುಳಿತು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಹೊಸ ಭಾರತೀಯ ಗಡಿಯಾರಗಳನ್ನೂ ಈ ಹೋಲಿಕೆಯಿಂದ ಹೊರಗಿಡಬಾರದು. ಬೆಂಗಳೂರಿನ ಬ್ಯಾಂಗಲೋರ್ ವಾಚ್ ಕಂಪನಿಯಂಥ ಚಿಕ್ಕ ಮನೆಗಳು ಸ್ವಿಸ್ ಮಷೀನುಗಳನ್ನು ತರಿಸಿ ಕಡಿಮೆ ಸಂಖ್ಯೆಯಲ್ಲಿ ಗಡಿಯಾರ ಮಾಡುತ್ತವೆ. ಹದಿನೈದು ಲಕ್ಷದ ಗಡಿಯಾರದ ಕುಸುರಿಯನ್ನು ಅವುಗಳಲ್ಲಿ ಹುಡುಕುವುದು ನ್ಯಾಯವಲ್ಲ; ಅವುಗಳ ಬೆಲೆಯೂ ಅದರ ಸಣ್ಣ ಪಾಲು. ತಯಾರಿಸಿದವರೊಂದಿಗೆ ನಮ್ಮದೇ ರಾಜ್ಯದಲ್ಲಿ ಮುಖಾಮುಖಿ ಮಾತನಾಡಬಹುದು ಎಂಬುದು ಮಾತ್ರ ಬೇರೆ ಯಾವ ಆಯ್ಕೆಯಲ್ಲೂ ಇಲ್ಲದ ಅನುಕೂಲ.

ಇಲ್ಲಿ ಕುಳಿತು ಕೊಳ್ಳುವವರ ಲೆಕ್ಕ

ಖಡೇಬಜಾರಿನ ಹಿಂದಿನ ಗಲ್ಲಿಯಲ್ಲಿ ನಾನು ಎಚ್‌ಎಂಟಿಗಳನ್ನು ಒಯ್ಯುವ ರಿಪೇರಿಯ ಕಾಕಾ ಒಬ್ಬರಿದ್ದಾರೆ. ಒಮ್ಮೆ ಸ್ವತಂತ್ರ ಗಡಿಯಾರಗಾರರ ಆ ನಲವತ್ತು ತಿಂಗಳ ಗಡಿಯಾರವನ್ನು ಅವರ ಮುಂದಿಟ್ಟೆ. ಲೂಪ್ ಹಚ್ಚಿ ಹಿಂಬದಿಯ ಗಾಜಿನಿಂದ ಬಹಳ ಹೊತ್ತು ನೋಡಿ, "ಇದಕ್ಕ ನಾ ಕೈ ಹಚ್ಚಂಗಿಲ್ರಿ. ಇದಕ್ಕ ಬೇಕಾದ ಎಣ್ಣಿನೂ ನನ್ನ ಕಡೆ ಇಲ್ಲ, ಸ್ಕ್ರೂ ಮ್ಯಾಲ ಗೀರು ಬಿದ್ರ ನಿಮಗೂ ಸಮಾಧಾನ ಆಗಂಗಿಲ್ಲ" ಎಂದು ಮರಳಿ ಕೊಟ್ಟರು. ಅಂದಿನಿಂದ ಅವರ ಮೇಲಿನ ನನ್ನ ನಂಬಿಕೆ ಇಮ್ಮಡಿಯಾಗಿದೆ. ಎಸ್ಕೇಪ್‌ಮೆಂಟಿಗೊಂದು, ವೇಗದ ಗಾಲಿಗಳಿಗೊಂದು, ಮೇನ್ ಸ್ಪ್ರಿಂಗಿಗೊಂದು ಎಂದು ಬೇರೆ ಬೇರೆ ಎಣ್ಣೆ ಹಾಕಬೇಕಾದ, ಪಿವಟ್‌ಗಳು, ಅಂದರೆ ಗಾಲಿಯ ಅಚ್ಚಿನ ತುದಿಗಳು, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಕೆಲಸದಲ್ಲಿ, ತನ್ನ ಮಿತಿಯನ್ನು ಹೇಳುವ ಕೈಯೇ ಗಡಿಯಾರವನ್ನು ಉಳಿಸುತ್ತದೆ.

ಇದರ ಅರ್ಥ, ಅಂಥ ಗಡಿಯಾರ ಐದರಿಂದ ಎಂಟು ವರ್ಷಗಳಿಗೊಮ್ಮೆ ಇಲ್ಲಿಂದ ಐನೂರು ಕಿಲೋಮೀಟರು ದೂರದ ಬೆಂಗಳೂರಿಗೋ ಮುಂಬೈಗೋ, ಅಲ್ಲಿಂದ ಬಹಳ ಬಾರಿ ಯುರೋಪಿಗೂ ಹೋಗಿ ಬರಬೇಕು. ಹೋಗಿ ಬರುವ ವಿಮೆ, ಕಸ್ಟಮ್ಸ್ ಕಾಗದ, ತಿಂಗಳುಗಟ್ಟಲೆಯ ಕಾಯುವಿಕೆ, ಇವೆಲ್ಲ ಬೆಲೆಯ ಭಾಗವೇ. ಹೊಸ ಗಡಿಯಾರಕ್ಕೆ 18 ಪ್ರತಿಶತ ಜಿಎಸ್‌ಟಿ ಇದೆ. 2025ರ ಏಪ್ರಿಲ್ 22ರಿಂದ ಹತ್ತು ಲಕ್ಷ ಮೀರಿದ ಕೈಗಡಿಯಾರಕ್ಕೆ ಮಾರುವವರು 1 ಪ್ರತಿಶತ ಟಿಸಿಎಸ್, ಅಂದರೆ ಮಾರಾಟದ ಹೊತ್ತಿಗೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳೊಂದಿಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿರುವುದರಿಂದ ಸ್ವಿಸ್ ಗಡಿಯಾರಗಳ ಆಮದು ಸುಂಕ ಹಂತಹಂತವಾಗಿ ಇಳಿಯಲಿದೆ; ಅವಸರವಿಲ್ಲದವರಿಗೆ ಕಾಯುವುದರಿಂದ ಲಾಭವುಂಟು. ನಗದಿನಲ್ಲಿ ಕೊಟ್ಟರೆ ಕಡಿಮೆ ಮಾಡುತ್ತೇನೆ ಎನ್ನುವ ವ್ಯಾಪಾರಿಯನ್ನು ಅಲ್ಲಿಗೇ ಬಿಡಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದೇ ಕಾನೂನಿಗೆ ವಿರುದ್ಧ, ಮೇಲಾಗಿ ರಸೀದಿಯಿಲ್ಲದ ಗಡಿಯಾರ ಮುಂದೆ ಯಾರ ಹೆಸರಿನದೂ ಆಗುವುದಿಲ್ಲ.

ಬೆಳಗಾವಿಯ ಮಳೆಗಾಲದ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಬೆಲ್ಟ್ ತೆಗೆದು, ಗಡಿಯಾರವನ್ನು ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿಡುವುದು ಒಳ್ಳೆಯದು. ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಈ ತೊಂದರೆ ಕಡಿಮೆ, ಧೂಳಿನದು ಹೆಚ್ಚು.

ನನ್ನ ಸ್ನೇಹಿತರು ಮೂರು ಕಡೆಗೂ ಪತ್ರ ಬರೆದರು. 500ರ ಗಡಿಯಾರದ ಮಷೀನು ಸಾಮಾನ್ಯ ಮಾದರಿಯದೇ ಎಂದು ಅಂಗಡಿಯವರು ಒಪ್ಪಿಕೊಂಡರು. ಮುಂಬೈಯ ವ್ಯಾಪಾರಿ ಹಿಂಬದಿ ತೆಗೆಯಲು ಒಪ್ಪಲಿಲ್ಲ. ಚಿಕ್ಕ ಕಾರ್ಯಾಗಾರದಿಂದ ಸಂಕ್ರಾಂತಿಯ ಹೊತ್ತಿಗೆ ಎರಡು ಪುಟದ ಉತ್ತರ ಬಂತು: ವರ್ಷಕ್ಕೆ 24 ಗಡಿಯಾರ, ಸಾಲಿನಲ್ಲಿ 41 ಜನ, ಸ್ಪ್ರಿಂಗ್ ಮತ್ತು ಜ್ಯುವೆಲ್‌ಗಳು ಹೊರಗಿನವು, ಮಷೀನಿನ ಆಧಾರ ಪರಿಚಿತವಾದದ್ದು, ಜೊತೆಗೆ ಒಂಬತ್ತು ವರ್ಷಗಳಿಂದ ಇರುವ ಇಬ್ಬರು ಶಿಷ್ಯರಿಗೆ ಎಲ್ಲ ನಕ್ಷೆಗಳೂ ಗೊತ್ತು. ಮುಂಗಡವನ್ನು ಎರಡು ಕಂತುಗಳಲ್ಲಿ ಕೊಡುವುದಾಗಿ ಇವರು ಕೇಳಿದ್ದಕ್ಕೂ ಅವರು ಒಪ್ಪಿದರು. ಮೊದಲ ಕಂತು ಫೆಬ್ರವರಿಯಲ್ಲಿ ಬ್ಯಾಂಕಿನ ಮೂಲಕ ಹೋಗಿದೆ. ಗಡಿಯಾರ ಬರುವವರೆಗೆ ಕಟ್ಟಿಕೊಳ್ಳಲೆಂದು ಸ್ನೇಹಿತರು ತಮ್ಮ ತಂದೆಯವರ ಜನತಾವನ್ನು ಕಪಾಟಿನಿಂದ ತೆಗೆದು, ಕಾಕಾ ಅವರ ಹತ್ತಿರ ಬಿಚ್ಚಿಸಿ ಆಯ್ಲಿಂಗ್ ಮಾಡಿಸಿಕೊಂಡಿದ್ದಾರೆ.